ಮಗಳನ್ನು ಸಂಜೆ ಹುಟ್ಟಿಸಿದ ಕಂಪ್ಯೂಟರ್

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಜಾತಕದ ಹುಚ್ಚು ಹತ್ತಿತ್ತು. ನನ್ನ ಮಗಳನ್ನು ನೋಡಿ ಒಪ್ಪಿದ್ದ ಗಂಡಿನ ತಾಯಿಗೂ ಅದೇ ಬೇಕಾಯಿತು. "ಜೋಸ್ಯರು ಮುಖ ನೋಡಿ ಹೇಳ್ತಾರೆ. ಕಂಪ್ಯೂಟರ್‌ಗೆ ಮುಖದಾಕ್ಷಿಣ್ಯ ಇಲ್ಲ" ಎಂದರು. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿತ್ತು. ಈ ಸಂಬಂಧ ತಪ್ಪೀತೆಂದು ನಾನು ಆಗಲೇ ನಿದ್ದೆಗೆಟ್ಟಿದ್ದೆ. ನಿದ್ದೆಗೆಡಲು ನನಗೆ ಕಾರಣವೇ ಬೇಕೆಂದೇನೂ ಇಲ್ಲ.

ಪೀಳಮೇಡಿನ ಒಂದು ಜಾತಕದ ಸೆಂಟರಿನಲ್ಲಿ ಕಂಪ್ಯೂಟರಿಗೆ ಏಸಿ, ನಮಗೆ ಬೆಂಚು. ಅದಕ್ಕೆ ದೂಳು ಆಗದೆಂದು ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಹೊಸ ಚಪ್ಪಲಿ ಯಾರಾದರೂ ಹೊತ್ತೊಯ್ದರೆ ಎಂದು ನಾನು ಹೊರಗೆ ಕಾವಲು ಕೂತೆ. ಒಳಗೆ ಹೋದ ನಮ್ಮ ಯಜಮಾನರು ಹಳೇ ಜಾತಕ ನೋಡಿ, "ಸೂರ್ಯೋದಯದ ಮೇಲೆ ಹನ್ನೆರಡು" ಎಂದರಂತೆ. ಅದು ಹನ್ನೆರಡು ಘಳಿಗೆ. ಒಂದು ಘಳಿಗೆಗೆ ಇಪ್ಪತ್ತನಾಲ್ಕೇ ನಿಮಿಷ. ಆಪರೇಟರ್ ಸೂರ್ಯೋದಯವಾಗಿ ಹನ್ನೆರಡು ಗಂಟೆ ಎಂದು ಒತ್ತಿದ. ಪರ್ರನೆ ಪ್ರಿಂಟಾಗಿ ಬಂದ ಉದ್ದನೆಯ ಹಾಳೆಯಲ್ಲಿ ನನ್ನ ಮಗಳು ಸಂಜೆ ಹುಟ್ಟಿದ್ದಳು, ನಕ್ಷತ್ರ ಬದಲಾಗಿತ್ತು, ಗಂಡಿನ ಜಾತಕಕ್ಕೆ ಹೊಂದುತ್ತಿರಲಿಲ್ಲ.

"ಸಾಯಂಕಾಲವಾ? ಅವ್ಳು ಹುಟ್ಟಿದಾಗ ಮಧ್ಯಾಹ್ನದ ಅನ್ನಕ್ಕೆ ಎಸರೇ ಇಟ್ಟಿರಲಿಲ್ಲ!" ಎಂದು ಚಪ್ಪಲಿ ಕಾವಲು ಬಿಟ್ಟು ಒಳಗೆ ನುಗ್ಗಿದೆ.

"ಮಷಿನ್ ತಪ್ಪು ಪಣ್ಣಾದು, ಅಮ್ಮಾ" ಎಂದು ಆಪರೇಟರ್ ತಮಿಳಿನಲ್ಲಿ ನಕ್ಕ. ಯಂತ್ರ ತಪ್ಪು ಮಾಡುವುದಿಲ್ಲವಂತೆ. ಹೆತ್ತವಳು ಮಾಡುತ್ತಾಳೆ!

"ಸುಮ್ನಿರೇ, ಪ್ರಿಂಟ್ ಆಗಿದೆಯಲ್ಲ" ಎಂದರು ಯಜಮಾನರು.

"ನಾಳೆ ನೀವು ಹೆಂಗ್ಸು ಅಂತ ಪ್ರಿಂಟ್ ಆದ್ರೆ ಸೀರೆ ಉಡ್ತೀರಾ?"

ಜಗಳವಾಡಿ ಸಮಯ ತಿದ್ದಿಸಿದೆ. ಕಂಪ್ಯೂಟರಿಗೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಕೊಟ್ಟದ್ದಕ್ಕೆ ಲೆಕ್ಕ ಹಾಕಿತು, ಅಷ್ಟೆ. ಎರಡನೆಯ ಹಾಳೆಯಲ್ಲಿ ಎಲ್ಲ ಹೊಂದಿತು.

ನಮ್ಮ ಯಜಮಾನರೋ ಸತ್ಯವಂತರು. ಗಂಡಿನ ತಂದೆತಾಯಿ ಮನೆಗೆ ಬಂದಾಗ ಎರಡೂ ಹಾಳೆಗಳನ್ನು ಅವರ ಮುಂದೆ ಹರಡಿದರು!

"ಏನ್ರೀ ಇದು, ಒಂದೇ ಹೆಣ್ಣು ಎರಡು ಸಲ ಹುಟ್ಟಿದ್ದಾಳಾ?" ಎಂದು ಆ ತಾಯಿ ಹುಬ್ಬೇರಿಸಿದರು.

ನಾನು ಘಳಿಗೆ, ಗಂಟೆ, ಎಸರು ಎಲ್ಲವನ್ನೂ ಬಿಡಿಸಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟು, "ಎರಡೂ ಕಂಪ್ಯೂಟರ್ ಕೊಟ್ಟದ್ದೇ ತಾನೆ? ಒಳ್ಳೇದನ್ನ ಇಟ್ಕೊಳ್ಳೋಣ" ಎಂದರು. ಆ ತಾಯಿಯೂ ತಲೆಯಾಡಿಸಿ, ನಿಶ್ಚಿತಾರ್ಥಕ್ಕೆ ದಿನ ನೋಡಲು ಪಂಚಾಂಗ ಕೇಳಿದರು.

ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಮೈ ಉರಿಯಿತು. "ಒಳ್ಳೇದಲ್ರೀ, ಅದು ಸರಿಯಾದದ್ದು! ಇನ್ನೊಂದು..."

ಹಿಂದೆ ನಿಂತಿದ್ದ ಮಗಳು ನನ್ನ ಸೆರಗು ಜಗ್ಗಿದಳು. "ಅಮ್ಮಾ, ನಿನಗೆ ಕೈ ಮುಗೀತೀನಿ. ಒಳಗೆ ಹೋಗಿ ಪಂಚಾಂಗ ತಾ."