ಉಂಗುರ ಉದುರಿದ ಅಣಬೆ

ಬೆಳಗಿನ ಐದೂವರೆ. ತರಕಾರಿ ಮಾರುಕಟ್ಟೆಯ ಹಿಂಬಾಗಿಲ ಪಕ್ಕದ ತಪಾಸಣೆ ಕೋಣೆ. ಬಿಳಿ ಕಾಗದ ಹಾಸಿದ ಮೇಜಿನ ಮೇಲೆ ಹದಿನಾಲ್ಕು ಕಾಡು ಅಣಬೆಗಳು. ಅವುಗಳ ಮುಂದೆ ಒಬ್ಬ ಹೆಂಗಸು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಚೂಪು ಮಾಡಿಟ್ಟ ಪೆನ್ಸಿಲ್ ಪಕ್ಕದಲ್ಲೇ ಇದೆ, ಮುಟ್ಟುತ್ತಿಲ್ಲ. ಬಾಗಿಲಲ್ಲಿ ನಿಂತ ಬಸ್ ಚಾಲಕ ವಾಚ್ ನೋಡಿಕೊಳ್ಳುತ್ತಾನೆ, ಕೆಮ್ಮುತ್ತಾನೆ, ಮತ್ತೆ ವಾಚ್ ನೋಡಿಕೊಳ್ಳುತ್ತಾನೆ.

"ಮೊದಲು ಕೈ ಕಟ್ಟಿ ಕೂರ್ಬೇಕು. ಕೈಗೆ ಬಲು ಅವಸರ. ಕಣ್ಣು ನೋಡೋಕೆ ಮುಂಚೇನೇ ತನಗೆ ಗೊತ್ತಿರೋದನ್ನ ಬರೆದುಬಿಡುತ್ತೆ," ಎನ್ನುತ್ತಾರೆ ಅವರು, ಅಣಬೆಗಳಿಂದ ದೃಷ್ಟಿ ಕೀಳದೆ.

ಮಾರುಕಟ್ಟೆಯವರು ಇವರನ್ನು ಕರೆಯುವುದು 'ಅಣಬೆ ಅಕ್ಕ' ಎಂದೇ. ಕಾಡಿನಿಂದ ಬಂದ ಅಣಬೆ ಮಾರಾಟಕ್ಕೋ ಅಡುಗೆಗೋ ಹೋಗುವ ಮುಂಚೆ ಇವರ ಮೇಜಿನ ಮೇಲೆ ಹಾಯಬೇಕು. ಹಂಗಾಮಿನಲ್ಲಿ ದಿನಕ್ಕೆ ಮೂವತ್ತು ಬುಟ್ಟಿ. ಗೊತ್ತಿದ್ದ ಜಾತಿಯಾದರೆ ಐದು ನಿಮಿಷದ ಕೆಲಸ. ಅನುಮಾನ ಬಂದರೆ ಅಣಬೆಯ ಚಿತ್ರ ಬರೆಯುತ್ತಾರೆ. ಬರೆಯುವುದು ಚಂದಕ್ಕಲ್ಲ, ನೋಡುವುದಕ್ಕೆ. ಕಾಂಡದ ಒಂದೊಂದು ನಾರನ್ನೂ ಕಾಗದಕ್ಕೆ ಇಳಿಸಬೇಕಾದರೆ ಒಂದೊಂದನ್ನೂ ನೋಡದೆ ವಿಧಿಯಿಲ್ಲ.

ಇವತ್ತಿನ ಬುಟ್ಟಿ ಚಾಲಕನದು. ನಿನ್ನೆ ಸಂಜೆ ಅವನೇ ಕಿತ್ತು ತಂದದ್ದು.

"ಸುಮ್ನೆ ತೋರಿಸ್ಕೊಂಡು ಬಾ ಅಂತ ಹೆಂಡ್ತಿ ಕಳಿಸಿದ್ಲು ಅಕ್ಕ. ರಾತ್ರಿ ಅರ್ಧ ಬುಟ್ಟಿ ತಿಂದಾಯ್ತು, ಅವಳೊಬ್ಬಳು ಮುಟ್ಟಲಿಲ್ಲ. ನಾನೂ ಅಮ್ಮಾನೂ ಗುಂಡುಕಲ್ಲಿನ ಹಾಗಿದ್ದೀವಿ ನೋಡಿ!"

ಅಕ್ಕನ ಮುಖದಲ್ಲಿ ನಗು ಬರುವುದಿಲ್ಲ.

"ಊಟ ಮಾಡಿದ್ದು ಎಷ್ಟೊತ್ತಿಗೆ?"

"ಎಂಟೂವರೆ."

ಅಂದರೆ ತಿಂದು ಒಂಬತ್ತು ಗಂಟೆ ಕಳೆದಿದೆ. ಅಕ್ಕನಿಗೆ ದಿಗಿಲಾಗುವುದು ಇಂಥ ಲೆಕ್ಕಕ್ಕೇ. ತಿಂದ ಕೂಡಲೇ ಹೊಟ್ಟೆ ಕೆಡಿಸುವ ಅಣಬೆಗೆ ಇವರು ಅಷ್ಟಾಗಿ ಹೆದರುವುದಿಲ್ಲ. ಹೆದರುವುದು ತಿಂದವರನ್ನು ನೆಮ್ಮದಿಯಾಗಿ ಮಲಗಲು ಬಿಟ್ಟು, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಲಿವರ್‌ಗೆ ಕೈ ಹಾಕುವ ಬಿಳಿ ಅಣಬೆಗೆ. ಗುಂಡುಕಲ್ಲಿನ ಹಾಗಿದ್ದೇವೆ ಎಂಬ ಮಾತಿಗೆ ಈ ಕೋಣೆಯಲ್ಲಿ ಕವಡೆ ಕಿಮ್ಮತ್ತಿಲ್ಲ.

ಪೆನ್ಸಿಲ್ ಮೇಲೇಳುತ್ತದೆ. ಮೊದಲನೆಯದು, ಎರಡನೆಯದು ಕಾಗದಕ್ಕೆ ಇಳಿಯುತ್ತವೆ. ಮೂರನೆಯದರ ಕಾಂಡ ಅರ್ಧಕ್ಕೆ ಬಂದಾಗ ಕೈ ನಿಲ್ಲುತ್ತದೆ. ಉಳಿದವುಗಳ ಕಾಂಡ ಮೇಲಿಂದ ಕೆಳಗೆ ಒಂದೇ ಸಮನಾಗಿದೆ. ಇದರಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಸುತ್ತುಗೆರೆ. ಅಲ್ಲಿ ಏನೋ ಇತ್ತು, ಉದುರಿಹೋಗಿದೆ. ಅಕ್ಕ ಅಣಬೆಯನ್ನು ತಿರುವಿ ಕೊಡೆಯ ಅಡಿ ನೋಡುತ್ತಾರೆ. ಅಚ್ಚ ಬಿಳಿ.

"ಬುಡ ಎಲ್ಲಿ?"

"ಚಾಕೂಲಿ ಕೊಯ್ದೆ ಅಕ್ಕ. ಮಣ್ಣಾಗುತ್ತಲ್ಲ ಅಂತ."

"ಈಗಲೇ ಅಮ್ಮನ್ನ ಕರ್ಕೊಂಡು ದೊಡ್ಡಾಸ್ಪತ್ರೆಗೆ ಹೋಗು. ನಾನು ಡಾಕ್ಟರಿಗೆ ಫೋನ್ ಮಾಡಿರ್ತೀನಿ."

"ಏಳಕ್ಕೆ ಡ್ಯೂಟಿ ಇದೆಯಲ್ಲಕ್ಕ. ಸಂಜೆ..."

"ಸಂಜೆಗೆ ನೀನು ಬಸ್ ಹತ್ತೋದಿರ್ಲಿ, ಮಂಚಾನೂ ಇಳಿಯೋಕಾಗಲ್ಲ. ಹೋಗು ಅಂದ್ನಲ್ಲ!"

ಆ ದನಿಗೆ ಚಾಲಕ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡುತ್ತಾನೆ. ಡಾಕ್ಟರಿಗೆ ಫೋನ್ ಮಾಡಿ ಇಟ್ಟ ಮೇಲೆ ಅಕ್ಕ ಎರಡು ಲೋಟ ನೀರು ಕುಡಿಯುತ್ತಾರೆ. ಆಮೇಲೆ ಮತ್ತೆ ಅದೇ ಅಣಬೆಯ ಮುಂದೆ ಕೂರುತ್ತಾರೆ. ಇನ್ನೂ ಹನ್ನೊಂದು ಬಾಕಿ ಇವೆ.

ಈ ಕೋಣೆಗೆ ಬರುವ ಮುಂಚೆ ಅಕ್ಕ ಶುಭಾಶಯ ಪತ್ರಗಳ ಮುದ್ರಣಾಲಯದಲ್ಲಿ ಹೂ ಬರೆಯುತ್ತಿದ್ದರು. ಎಸಳಿಗೊಂದು ಹನಿ, ಹನಿಗೊಂದು ಹೊಳಪು. ಅದು ಮುಚ್ಚಿದ ಮೇಲೆ ಇಲ್ಲಿ ಎಚ್ಚರಿಕೆ ಫಲಕ ಬರೆಯುವ ಕೆಲಸ ಸಿಕ್ಕಿತು. ಅರಣ್ಯ ಕಾವಲುಗಾರರು ಬುಡಸಮೇತ ಅಗೆದು ತಂದ ಬಿಳಿ ಅಣಬೆಯನ್ನು ಇಟ್ಟುಕೊಂಡು ಮೂರು ದಿನ ಬರೆದರು. ಕಾಂಡಕ್ಕೆ ನೆರಿಗೆ ನೆರಿಗೆಯಾದ ಉಂಗುರ, ಬುಡದಲ್ಲಿ ಮೊಟ್ಟೆಯ ಸಿಪ್ಪೆಯಂಥ ಚೀಲ. ನೋಡಿದವರೆಲ್ಲ ಆಹಾ ಅಂದರು. ಮೇಲಧಿಕಾರಿಗಳು ಚೌಕಟ್ಟು ಹಾಕಿಸಿದರು. ಅಕ್ಕನಿಗೂ ಒಳಗೊಳಗೇ ಹೆಮ್ಮೆ.

ಅದಾದ ನಾಲ್ಕನೇ ವರ್ಷ ಒಬ್ಬ ದರ್ಜಿಯ ಹೆಂಡತಿ ಅಣಬೆ ತಿಂದು ತೀರಿಕೊಂಡರು. ಹದಿನೈದು ದಿನದ ಮೇಲೆ ದರ್ಜಿ ಈ ಕೋಣೆಗೆ ಬಂದರು. ಜಗಳಕ್ಕಲ್ಲ. ಫಲಕದ ಮುಂದೆ ಬಹಳ ಹೊತ್ತು ನಿಂತರು.

"ನಿಮ್ಮ ಚಿತ್ರ ನೆನಪಿಟ್ಕೊಂಡೇ ಆರಿಸಿದ್ವಿ ಅಕ್ಕ," ಎಂದರು. "ನಾವು ಕೊಯ್ದಿದ್ದಕ್ಕೆ ಉಂಗುರಾನೂ ಇರ್ಲಿಲ್ಲ, ಚೀಲಾನೂ ಇರ್ಲಿಲ್ಲ."

ಉಂಗುರ ಮಳೆಗೆ ಉದುರುತ್ತದೆ. ಚೀಲ ಮಣ್ಣೊಳಗೆ ಉಳಿಯುತ್ತದೆ, ಏಕೆಂದರೆ ಜನ ಚಾಕುವಿನಲ್ಲಿ ಕೊಯ್ಯುತ್ತಾರೆ. ಅಕ್ಕ ಬರೆದದ್ದು ಸುಳ್ಳಲ್ಲ. ಆದರೆ ಆ ಚಿತ್ರದಂಥ ಅಣಬೆ ಯಾರ ಬುಟ್ಟಿಯಲ್ಲೂ ಇರಲಿಲ್ಲ. "ಚೆನ್ನಾಗಿರೋದನ್ನ ಆರಿಸಿ ಬರೆದೆ. ಗ್ರೀಟಿಂಗ್ ಕಾರ್ಡಿನ ಕೈ ನೋಡಿ, ಚಾಳಿ ಹೋಗ್ಲಿಲ್ಲ," ಎನ್ನುವಾಗ ಅವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಹನ್ನೆರಡು ವರ್ಷ. ಅಣಬೆ ಬಲ್ಲವರ ಹತ್ತಿರ ಕಲಿತು ಅಕ್ಕ ಈಗ ತಪಾಸಣೆಗೂ ಕೂರುತ್ತಾರೆ. ಚೌಕಟ್ಟಿನ ಚಿತ್ರ ಬೀರುವಿನ ಹಿಂದೆ ಸೇರಿದೆ. ಗೋಡೆಯ ಮೇಲೆ ಅದೇ ಬಿಳಿ ಅಣಬೆಯ ನಲವತ್ತೇಳು ರೂಪಗಳಿವೆ. ಮಳೆಯಲ್ಲಿ ನೆಂದದ್ದು, ಹುಳ ತಿಂದದ್ದು, ಕೈಚೀಲದೊಳಗೆ ಜಜ್ಜಿಹೋದದ್ದು, ತುಂಡಾದದ್ದು. ಒಂದೂ ಚೆನ್ನಾಗಿಲ್ಲ. ಗಡಿಯಾರ ರಿಪೇರಿ ಮಾಡುವ ಗಂಡನಿಗೆ ಬೇರೆಯೇ ದೂರು. "ನಮ್ಮನೇಲಿ ಒಂದು ಬದನೆಕಾಯಿ ಹೆಚ್ಚೋಕೆ ಅರ್ಧ ಗಂಟೆ. ಅದನ್ನೂ ಕೈ ಕಟ್ಕೊಂಡು ನೋಡ್ತಾಳೆ. ನಮ್ಮ ಹಿತ್ತಲಲ್ಲಿ ಏಳು ತರದ ಪಾಚಿ ಇದೆ ಅಂತ ನನಗೆ ಈ ವಯಸ್ಸಲ್ಲಿ ಗೊತ್ತಾಯ್ತು!"

ನೋಡುತ್ತ ನೋಡುತ್ತ ಭಯ ಕಡಿಮೆಯಾಗಿದೆಯೇ? ಅಕ್ಕ ತಲೆಯಾಡಿಸುತ್ತಾರೆ. "ಜಾಸ್ತಿ ಆಗಿದೆ. ಮುಂಚೆ ಕಾಡು ಅಂದ್ರೆ ಹಸಿರು ಅಷ್ಟೆ. ಈಗ ಒಂದೊಂದು ಎಲೆ ಅಡೀಲೂ ನಾನು ನೋಡದೇ ಇರೋದು ಏನೋ ಇದೆ ಅನ್ಸುತ್ತೆ. ಭಯ ಹೋದ ದಿನ ಈ ಕುರ್ಚಿ ಬಿಟ್ಟುಬಿಡ್ತೀನಿ."

ಹತ್ತೂಕಾಲಿಗೆ ಫೋನ್ ಬರುತ್ತದೆ. ಚಾಲಕನ ತಾಯಿಗೆ ವಾಂತಿ ಶುರುವಾಗಿದೆ, ಅಷ್ಟರಲ್ಲಾಗಲೇ ಚಿಕಿತ್ಸೆ ಆರಂಭವಾಗಿತ್ತು. ಇನ್ನು ನಾಲ್ಕೈದು ದಿನ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಆ ನಾಲ್ಕೈದು ದಿನವೂ ಅಕ್ಕ ಫೋನ್ ಸದ್ದಾದಾಗೆಲ್ಲ ಬೆಚ್ಚಿಬೀಳುತ್ತಾರೆ. ಬುಟ್ಟಿಗಳು ಬರುತ್ತಲೇ ಇರುತ್ತವೆ. ನಡುವೆ ಆ ಮೂರನೆಯ ಅಣಬೆಗೆ ಬಣ್ಣ ತುಂಬುತ್ತಾರೆ.

ಒಂಬತ್ತನೆಯ ಬೆಳಿಗ್ಗೆ ಚಾಲಕ ಬಾಗಿಲಲ್ಲಿ ನಿಂತಿದ್ದಾನೆ. ಅಂಗಿ ಜೋತುಬಿದ್ದಿದೆ, ಕಣ್ಣುಗಳು ಗುಳಿ ಬಿದ್ದಿವೆ. ತಾಯಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ಆದರೆ ಗಂಜಿ ಕುಡಿದಿದ್ದಾರೆ, ಉಪ್ಪು ಸಾಲದು ಎಂದು ಸೊಸೆಯನ್ನು ಬೈದೂ ಇದ್ದಾರೆ. ಅಕ್ಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಚಾಲಕ ಗೋಡೆಯತ್ತ ನಡೆಯುತ್ತಾನೆ. ನಲವತ್ತೆಂಟನೆಯ ಚಿತ್ರ ಅಲ್ಲಿದೆ. ಬುಡ ಕೊಯ್ದ, ಉಂಗುರ ಉದುರಿದ, ಯಾರ ಬುಟ್ಟಿಯಲ್ಲಾದರೂ ಇರಬಹುದಾದ ಒಂದು ಸಾದಾ ಅಣಬೆ. ಅವನು ಕಾಂಡದ ಸುತ್ತುಗೆರೆಯ ಮೇಲೆ ಬೆರಳಿಡುತ್ತಾನೆ. ತಟ್ಟನೆ ಹಿಂದೆಗೆದು, ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ, ಎರಡೆರಡು ಸಲ.

ಅಕ್ಕ ಅದನ್ನು ನೋಡುತ್ತಾರೆ.

"ಹಾಗಾದ್ರೆ ಚಿತ್ರ ಸರಿಯಾಗಿ ಬಂದಿದೆ," ಎಂದು ಮುಂದಿನ ಬುಟ್ಟಿಯನ್ನು ಮೇಜಿನ ಮೇಲೆ ಸುರಿದು, ಕೈ ಕಟ್ಟಿ ಕೂರುತ್ತಾರೆ.