ಹಳೆ ಗಂಟೆ, ಹೊಸ ಗಂಟೆ

ಫೆಸ್ ಊರಿನ ನಮ್ಮ ಸಂಶೋಧನಾಲಯದಲ್ಲಿ ಬತೂಲ್ ಇಪ್ಪತ್ತೆರಡು ವರ್ಷ ರಕ್ತದೊಳಗಿನ ಪ್ರೋಟೀನುಗಳನ್ನು ಅಳೆದಳು. ತಟ್ಟೆಯ ಪುಟ್ಟ ಗುಳಿಗಳಿಗೆ ರಕ್ತದ ತಿಳಿ ಬಿಡಬೇಕು. ಪ್ರೋಟೀನು ತಳಕ್ಕೆ ಅಂಟಲು ಎರಡು ಗಂಟೆ ಕಾಯಬೇಕು. ಅಂಟದ್ದನ್ನು ತೊಳೆದು ಚೆಲ್ಲಿ, ಬಣ್ಣ ಬರಿಸಬೇಕು. ನೀಲಿ ಎಷ್ಟು ಗಾಢವೋ ಪ್ರೋಟೀನು ಅಷ್ಟು. ಅವಳ ಅಳತೆ ಒಮ್ಮೆಯೂ ತಪ್ಪಿದ್ದನ್ನು ನಾವು ಕಂಡಿರಲಿಲ್ಲ.

ಆ ಸೋಮವಾರ ಅವಳ ಬಳಿ ಇದ್ದದ್ದು ತಿಲೀಲಳ ರಕ್ತದ ಕೊನೆಯ ತೊಟ್ಟು. ಅವಳು ಅಝ್ರೂ ಊರಿನ ಯಮ್ನಾಳ ನಾಲ್ಕು ವರ್ಷದ ಮಗಳು. ಎದುರಿನ ವಾರ್ಡಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ಸೋಂಕು ತಡೆಯುವ ಪ್ರೋಟೀನು ಅವಳಲ್ಲಿ ಸ್ವಲ್ಪವಾದರೂ ಇದ್ದರೆ ಔಷಧಿ ಸಾಕು. ಇಲ್ಲವೇ ಇಲ್ಲದಿದ್ದರೆ ಅಣ್ಣನ ಅಸ್ಥಿಮಜ್ಜೆ ಕೊಡಬೇಕು. ಅದನ್ನು ಆ ಪುಟ್ಟ ಮೈ ತಾಳೀತೆಂದು ವೈದ್ಯರಿಗೂ ಧೈರ್ಯವಿರಲಿಲ್ಲ. ಈಗ ಅವಳ ಮೈಯಲ್ಲಿ ಬೇರೆಯವರ ರಕ್ತ ಹರಿಯುತ್ತಿತ್ತು. ಅದಕ್ಕೂ ಮುಂಚೆ ತೆಗೆದಿಟ್ಟ ತೊಟ್ಟು ಮಾತ್ರ ನಿಜ ಹೇಳಬಲ್ಲದಾಗಿತ್ತು.

ನಮ್ಮಲ್ಲಿ ಸರ್ಕಾರ ರಂಜಾನ್ ತಿಂಗಳಿಗೆ ಒಂದು ಗಂಟೆ ಹಿಂದಿಡುವ ಗಡಿಯಾರಗಳು ಹಿಂದಿನ ದಿನವಷ್ಟೇ ಮುಂದಕ್ಕೆ ಬಂದಿದ್ದವು. ನಮ್ಮ ಗೋಡೆಯದು ಮಾತ್ರ ಹಾಗೇ ಇತ್ತು. ಅಪ್ಪನಂತೆ ನಾವೆಲ್ಲ 'ಬಾ' ಎನ್ನುತ್ತಿದ್ದ ಮುದಿ ಜವಾನ ಬಾ ಅಲ್ಲಾಲ್ ಪ್ರತಿ ವರ್ಷ ಅದನ್ನು ತಿರುಗಿಸಲು ವಾರ ತಡ ಮಾಡುತ್ತಿದ್ದ.

"ಏನ್ ಬಾ ಅಲ್ಲಾಲ್, ಹಬ್ಬ ಆಯ್ತು, ನಿನ್ ಗಡಿಯಾರ ಇನ್ನೂ ಉಪವಾಸನಾ?" ಎಂದು ಬತೂಲ್ ಕೆಣಕಿದಳು.

"ಸರ್ಕಾರ ಮುಳ್ಳು ತಿರುಗ್ಸತ್ತೆ ತಾಯಿ. ನನ್ ಮಂಡಿನೋವು ಹಳೆ ಗಂಟೆಗೇ ಏಳತ್ತೆ."

ಬತೂಲ್ ನಕ್ಕು, ಆ ಗಡಿಯಾರದಲ್ಲೇ ಒಂಬತ್ತು ನೋಡಿ ಬರೆದುಕೊಂಡು, ತೊಟ್ಟನ್ನು ಗುಳಿಗೆ ಬಿಟ್ಟು ಹೊರಬಂದಳು. ಫೋನು ಒಳಗೆ ಒಯ್ಯುವ ಹಾಗಿರಲಿಲ್ಲ. ಕೈಗವಸಿನ ಕೈಗೆ ವಾಚೂ ಇಲ್ಲ. ಪಡಸಾಲೆಯಲ್ಲಿ ಯಮ್ನಾ ಹಬ್ಬದ ಬಾದಾಮಿ ಕಜ್ಜಾಯದ ಪೊಟ್ಟಣ ಹಿಡಿದು ಕೂತಿದ್ದಳು.

"ಅವ್ಳು ತಿನ್ಲಿಲ್ಲ. ನೀವಾದ್ರೂ ತಿನ್ನಿ."

ಬತೂಲ್ ಪಕ್ಕದಲ್ಲಿ ಕೂತಳು. ಯಮ್ನಾ ಮಗಳ ಕೆಮ್ಮಿನ ಮಾತಾಡಿದಳು, ಅತ್ತಳು, ಮತ್ತೆ ಆಡಿದಳು. ಅಂಥ ಕಡೆ ಕಳೆದದ್ದು ಒಂದು ಗಂಟೆಯೋ ಎರಡೋ ಯಾರಿಗೆ ತಿಳಿಯುತ್ತದೆ? ಗಾಜಿನಾಚೆ ಗೋಡೆ ಗಡಿಯಾರ ನೋಡಿದರೆ ಹನ್ನೊಂದು. ಒಳಗೆ ಹೋಗಿ ತೊಳೆದು ಚೆಲ್ಲಿದಳು.

ಬಣ್ಣ ಬರಲೇ ಇಲ್ಲವೆನ್ನುವಷ್ಟು ಮಂಕಾಗಿ ಬಂತು. ಪ್ರೋಟೀನು ಇದ್ದೇ ಇದೆಯೆಂದು ಗೊತ್ತಿದ್ದ, ಹೋಲಿಕೆಗಿಟ್ಟ ಗುಳಿಗಳೂ ಪೇಲವ. ತಿಲೀಲಳ ಗುಳಿ ನೀರಿನಂತಿತ್ತು.

ಬಾ ಅಲ್ಲಾಲ್ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದ: "ನೋಡ್ದ್ಯಾ, ಈ ಸಲ ನಿನ್ ಕೈಲಿ ಬೈಸ್ಕೊಳ್ಲಿಲ್ಲ. ನೀನು ಹೊರಗೆ ಹೋದ್ ಕೂಡ್ಲೇ ಸ್ಟೂಲ್ ಹತ್ತಿ ಒಂದ್ ಗಂಟೆ ಮುಂದಕ್ಕೆ ತಿರುಗ್ಸಿಬಿಟ್ಟೆ."

ಅಂದರೆ ಪ್ರೋಟೀನಿಗೆ ಅಂಟಲು ಸಿಕ್ಕಿದ್ದು ಎರಡಲ್ಲ, ಒಂದೇ ಗಂಟೆ. ಬತೂಲ್ ಅವನನ್ನು ಬೈಯಲಿಲ್ಲ. ಸಿಂಕಿನ ಅಂಚು ಹಿಡಿದು, ನೀರು ಇಳಿದುಹೋದ ತೂತನ್ನೇ ನೋಡಿದಳು.

ವರದಿಯಲ್ಲಿ ಸಂಖ್ಯೆಯ ಜಾಗಕ್ಕೆ ಸೊನ್ನೆ ಬರೆದಿದ್ದರೆ ಕೇಳುವವರಿರಲಿಲ್ಲ. ಅವಳು 'ಅಳೆಯಲಾಗಲಿಲ್ಲ, ತಪ್ಪು ನನ್ನದು' ಎಂದು ಬರೆದು ಹೊರಗೆ ಬಂದಳು.

"ಇಲ್ಲ ಅಂತ ಬಂತಾ ಅಕ್ಕಾ?" ಎಂದಳು ಯಮ್ನಾ.

"ಇಲ್ಲ ಅಂತಲ್ಲ ತಂಗಿ. ಗೊತ್ತಾಗ್ಲಿಲ್ಲ. ನಾನೇ ಕೆಡಿಸ್ದೆ."

"ಇನ್ನೊಂದ್ಸಲ ಮಾಡಿ."

"ಆ ರಕ್ತ ಮುಗೀತು. ಕೊಟ್ಟಿರೋ ರಕ್ತ ಮೈಯಿಂದ ಇಳೀಬೇಕು, ಆಮೇಲೇ ಹೊಸದು ತೆಗೀಬಹುದು. ತಿಂಗಳುಗಟ್ಲೆ ಆಗತ್ತೆ."

ಯಮ್ನಾ ವಾರ್ಡಿನ ಕಡೆ ನೋಡಿದಳು. ಅಷ್ಟು ದಿನ ತಿಲೀಲಳ ಬಳಿ ಇಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಕಜ್ಜಾಯದ ಪೊಟ್ಟಣ ಅವಳ ಮಡಿಲಿನಲ್ಲೇ ಉಳಿಯಿತು.