ಮುಚ್ಚಳದ ಒಳಗಿನ ಗುರುತು

1983ರ ಡಿಸೆಂಬರ್‌ನಲ್ಲಿ ಶಿರಾ ಬಸ್ ನಿಲ್ದಾಣದ ಎದುರಿಗಿದ್ದ ವಾಚ್ ರಿಪೇರಿ ಅಂಗಡಿ ಮುಚ್ಚಿತು. ಯಾವ ಪತ್ರಿಕೆಯಲ್ಲೂ ಅದು ಸುದ್ದಿಯಾಗಲಿಲ್ಲ. ಆ ಊರಿನಿಂದ ಆಗ ಸುದ್ದಿ ಕಳಿಸುತ್ತಿದ್ದವನು ನಾನು. ನಾನು ಕಳಿಸಲಿಲ್ಲ.

ಹೋದ ತಿಂಗಳು ತುಮಕೂರಿನಲ್ಲಿ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಒಂದು ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಮುದುಕನೊಬ್ಬ ಹಳೆಯ ವಾಚಿನ ಚಕ್ರಗಳನ್ನು ಗಾಜಿನ ಬಟ್ಟಲಿನ ಪೆಟ್ರೋಲಿನಲ್ಲಿ ಅದ್ದಿ ಸಣ್ಣ ಬ್ರಷ್ಷಿನಿಂದ ಉಜ್ಜುತ್ತಿದ್ದ. ಆ ವಾಸನೆಗೆ ಶಿರಾದ ಅಂಗಡಿಯವರು ನೆನಪಾದರು. ಊರಿನವರೆಲ್ಲ ಅವರನ್ನು ವಾಚಿನ ಸಾಬರು ಎನ್ನುತ್ತಿದ್ದರು. ನಾನು ಬಾಡಿಗೆಗಿದ್ದ ಕೋಣೆ ಅವರ ಅಂಗಡಿಯ ಮೇಲೆಯೇ ಇತ್ತು.

ಮಧ್ಯಾಹ್ನದ ಬಸ್ಸಿಗೆ ಪೇಪರ್ ಬಂದೊಡನೆ ಕೆಳಗಿನಿಂದ ಕೂಗುತ್ತಿದ್ದರು. “ರಿಪೋರ್ಟರ್ ಸಾಬ್, ನಮ್ ಮುಲ್ಕಿನ ಸುದ್ದಿ ಏನಾದ್ರೂ ಐತಾ?”

ಅವರ ಮುಲ್ಕು ಎಂದರೆ ಸ್ವಿಟ್ಜರ್ಲೆಂಡ್. ಅವರು ಅದನ್ನು ನೋಡಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಆ ದೇಶಕ್ಕೆ ಸಮುದ್ರವಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಹೊಲಕ್ಕೆ ಹೋಗಲಾಗದ ರೈತರು ಹಿಂದೆ ಮನೆಯಲ್ಲೇ ಕೂತು ವಾಚಿನ ಸಾಮಾನು ಮಾಡುತ್ತಿದ್ದರು. ಒಂದು ಹಳ್ಳಿ ಸ್ಪ್ರಿಂಗ್ ಮಾಡಿದರೆ ಇನ್ನೊಂದು ಹಳ್ಳಿ ಮುಳ್ಳು ಮಾಡುತ್ತಿತ್ತು. ಹೀಗಾಗಿ ವಾಚಿನೊಳಗೆ ಓಡುವ ಒಂದು ಕಂಪನಿಯ ಮಿಷಿನ್ನು ಇನ್ನೊಂದು ಕಂಪನಿಯ ಹೆಸರಿನಲ್ಲಿ ಬರುವುದೂ ಅಲ್ಲಿ ಮಾಮೂಲು.

“ನಮ್ ಸಿರಾ ಇದ್ದಂಗೆ ನೋಡಿ, ಸುತ್ತ ಬರೀ ನೆಲ. ನಾವು ಕಳ್ಳೇಕಾಯಿ ಕಳಿಸ್ತೀವಿ, ಅವ್ರು ದುನಿಯಾಕ್ಕೆಲ್ಲ ಟೈಮ್ ಕಳಿಸ್ತಾರೆ,” ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಓದಿ ಹೇಳುತ್ತಿದ್ದ ಸುದ್ದಿ ಬದಲಾಯಿತು. ಸೆಲ್ ಹಾಕಿದರೆ ತಾನೇ ಓಡುವ ವಾಚುಗಳು ಜಪಾನಿನಿಂದ ಬಂದಿದ್ದವು. ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ ಒಂದರ ಹಿಂದೆ ಒಂದು ಕಂಪನಿ ಬಾಗಿಲು ಹಾಕುತ್ತಿತ್ತು, ಕೆಲಸಗಾರರು ಬೀದಿಗೆ ಬಂದಿದ್ದರು. ನಾನು ಓದುವಾಗ ಸಾಬರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆದು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಅಂಥದೇ ಹೊಸದು ಬೇಕೆಂದು ಬೆಂಗಳೂರಿನ ಚಿಕ್ಕಪೇಟೆಗೆ ಅವರು ಮಾದರಿಗೆ ಕಳಿಸಿದ ಮುರಿದ ಬಿಡಿಭಾಗಗಳು ‘ಇಲ್ಲ’ ಎಂಬ ಚೀಟಿಯೊಂದಿಗೆ ವಾಪಸು ಬರತೊಡಗಿದವು. ಆದರೂ ಅವರ ಅಂಗಡಿಯಿಂದ ಯಾವ ವಾಚೂ ‘ಆಗಲ್ಲ’ ಎನ್ನಿಸಿಕೊಂಡು ಹಿಂದಿರುಗಲಿಲ್ಲ. ಅದು ಹೇಗೆಂದು ನಾನು ಕೇಳಲಿಲ್ಲ...

ಅವರದೊಂದು ರೂಢಿಯಿತ್ತು. ರಿಪೇರಿ ಮುಗಿದ ಮೇಲೆ ವಾಚಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಹೆಸರಿನ ಮೊದಲ ಉರ್ದು ಅಕ್ಷರ, ತಿಂಗಳು ಮತ್ತು ವರ್ಷವನ್ನು ಗೀರುತ್ತಿದ್ದರು. ಏನಾದರೂ ಬದಲಿಸಿದ್ದರೆ ಅಕ್ಷರದ ಕೆಳಗೆ ಒಂದು ಗೆರೆ. ವಾಚಿನ ಯಜಮಾನನಿಗೆ ಅದು ಕಾಣುತ್ತಿರಲಿಲ್ಲ. ಮುಂದೆ ಬಿಚ್ಚುವ ರಿಪೇರಿಯವನಿಗೆ ಮಾತ್ರ ಕಾಣುತ್ತಿತ್ತು.

ಅಂಗಡಿ ಮುಚ್ಚಿದ ವರ್ಷದ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಮಧುಗಿರಿ ಕಡೆಯ ಇಬ್ಬರು ಅಂಗಡಿಗೆ ಬಂದರು. ಒಬ್ಬ ಹೊಸದಾಗಿ ಮದುವೆಯಾದ ಹುಡುಗ, ಇನ್ನೊಬ್ಬ ಅವನ ಸೋದರಮಾವ. ರಸ್ತೆಯಾಚೆ ನಿಲ್ದಾಣದ ಕಟ್ಟೆಯ ಮೇಲೆ ಹುಡುಗನ ಹೆಂಡತಿ ಒಂದು ಕಬ್ಬಿಣದ ಟ್ರಂಕಿನ ಪಕ್ಕ ಕೂತಿದ್ದಳು. ನಾನು ಅಂಗಡಿಯ ಬೆಂಚಿನ ಮೇಲಿದ್ದೆ.

ಮಾವ ಒಂದು ವಾಚನ್ನು ಗಾಜಿನ ಮೇಲಿಟ್ಟ. “ಬೀಗ್ರು ಮದ್ವೇಲಿ ಸ್ವಿಸ್ ವಾಚು ಅಂತ ಕೊಟ್ಟವ್ರೆ. ಕೊರಟಗೆರೇಲಿ ಬಿಚ್ಚಿಸಿದ್ರೆ, ಒಳಗಿರೋದು ಈ ಹೆಸರಿನ ಕಂಪನೀದಲ್ಲ ಅಂದ. ಬೀಗ್ರನ್ನ ಕೇಳಿದ್ರೆ, ನಂಗೇನೂ ಗೊತ್ತಿಲ್ಲ, ಸಿರಾದ ಸಾಬ್ರತ್ರ ರಿಪೇರಿ ಮಾಡ್ಸಿದ್ದೆ, ಅವ್ರನ್ನೇ ಕೇಳಿ ಅಂತಾರೆ. ಈಗ ನೀವೇ ಹೇಳ್ಬುಡಿ.”

“ಹೇಳಿದ್ರೆ ಏನ್ ಮಾಡ್ತೀರಾ?” ಎಂದರು ಸಾಬರು.

“ನೆಟ್ಟಗಿದ್ರೆ ಎಲ್ರೂ ಮಧುಗಿರಿ ಬಸ್ ಹತ್ತೀವಿ. ಮೋಸ ಆಗಿದ್ರೆ ಅವಳೊಬ್ಳೇ ಕಳ್ಳಂಬೆಳ್ಳದ ಬಸ್ ಹತ್ತಿ ಅಪ್ಪನ ಮನೆಗೆ ಹೋಗ್ತಾಳೆ. ವಾಚಲ್ಲೇ ಮೋಸ ಮಾಡ್ದೋನು ಇನ್ನೇನೇನ್ ಮುಚ್ಚಿಟ್ಟವ್ನೋ!”

ಹುಡುಗ, “ಮಾವ, ಹೋಗ್ಲಿ ಬುಡು...” ಎಂದ.

“ನೀನ್ ಸುಮ್ಕಿರ್ಲಾ. ಹೆಂಡ್ರ ಸೆರಗು ಹಿಡ್ಕಂಡು ಎಲ್ಡು ತಿಂಗ್ಳಾಗಿಲ್ಲ, ಆಗ್ಲೇ ನ್ಯಾಯ ಹೇಳಕ್ ಬತ್ತಾನೆ.”

ಸಾಬರು ಮುಚ್ಚಳ ಬಿಚ್ಚಿದರು. ಭೂತಗನ್ನಡಿಯಲ್ಲಿ ಒಮ್ಮೆ ಮಿಷಿನ್ ನೋಡಿದರು. ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಆಮೇಲೆ ಎರಡನ್ನೂ ಕೆಳಗಿಟ್ಟು ರಸ್ತೆಯಾಚೆ ನೋಡಿದರು. ಆ ಕಡೆ ಕಂಡಕ್ಟರೊಬ್ಬ ಕಳ್ಳಂಬೆಳ್ಳ, ಕಳ್ಳಂಬೆಳ್ಳ ಎಂದು ಕೂಗತೊಡಗಿದ್ದ. ಹುಡುಗಿ ಎದ್ದು ನಿಂತು ಟ್ರಂಕಿನ ಹಿಡಿಯ ಮೇಲೆ ಕೈಯಿಟ್ಟಿದ್ದಳು.

ನನಗೆ ತಡೆಯಲಾಗಲಿಲ್ಲ. “ಸಾಬ್ರೇ, ಆ ದೇಶದಲ್ಲಿ ಒಂದು ಕಂಪನಿ ಮಿಷಿನ್ನು ಇನ್ನೊಂದು ಕಂಪನಿ ಹೆಸರಲ್ಲಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ?” ಎಂದೆ.

ಮಾವ ನನ್ನನ್ನೂ ಅವರನ್ನೂ ನೋಡಿದ. “ಹೌದಾ? ಅಂಗೂ ಇರ್ತದಾ?”

ಅವನ ದನಿ ತಗ್ಗಿತ್ತು. ಸಾಬರು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇರ್ತದೆ,” ಎಂದರು ಸಾಬರು. “ಇದು ಅಂಗೆ ಬಂದಿದ್ದಲ್ಲ. ಇದು ಇಲ್ಲೇ ನಮ್ ದೇಶದಲ್ಲೇ ಮಾಡಿದ್ ಮಿಷಿನ್ನು. ಹಾಕಿದ್ದು ನಾನು.”

ಮುಚ್ಚಳವನ್ನು ಅವನ ಮುಂದೆ ಸರಿಸಿ ಗೀರಿದ ಅಕ್ಷರ ತೋರಿಸಿದರು. ಅದರ ಕೆಳಗೆ ಗೆರೆಯಿತ್ತು. ವರ್ಷ 1980. “ಮದ್ವೆ ಮಾತೇ ಇಲ್ದಾಗ ಹಾಕಿದ್ದು. ಆ ಕಂಪನಿ ಮುಚ್ಚೋಗಿತ್ತು, ಸಾಮಾನು ಸಿಗ್ಲಿಲ್ಲ. ಆಗಲ್ಲ ಅನ್ನಕ್ಕೆ ನಂಗೆ ನಾಚ್ಕೆ ಆಯ್ತು. ಹೆಂಗಾದ್ರೂ ಓಡಂಗೆ ಮಾಡಿ ಅಂದಿದ್ರು ಯಜಮಾನ್ರು. ಮಾಡ್ದೆ, ಆದ್ರೆ ಹೇಳ್ಲಿಲ್ಲ. ಅವ್ರಿಗೆ ಇವತ್ತಿಗೂ ಗೊತ್ತಿಲ್ಲ.”

“ಅಂದ್ರೆ ಮೋಸ ಮಾಡಿದ್ದು ನೀನು?”

“ನಾನೇ. ಆ ಹುಡ್ಗಿ ಅಪ್ಪ ಅಲ್ಲ.”

ಮಾವ ಬಾಗಿಲಿಗೆ ಹೋಗಿ ನಿಲ್ದಾಣದ ಕಡೆ ತಿರುಗಿ ನಿಂತ. “ಕೇಳ್ರಪ್ಪೋ, ಈ ಸಾಬಿ ವಾಚ್ ಒಳ್ಗಿರೋ ಮಿಷಿನ್ನೇ ಬದಲಾಯಿಸ್ತಾನೆ! ನಿಮ್ ನಿಮ್ ವಾಚು ನೋಡ್ಕಳಿ!” ಎಂದು ಎರಡು ಸಲ ಕೂಗಿದ. ಆಮೇಲೆ ವಾಚನ್ನು ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದ. ಟ್ರಂಕನ್ನು ಹುಡುಗ ಎತ್ತಿಕೊಂಡ. ಮೂವರೂ ಮಧುಗಿರಿ ಬಸ್ ಹತ್ತಿದ್ದನ್ನು ನಾನು ನೋಡಿದೆ.

“ಆ ಒಂದ್ ಮಾತು ಒಪ್ಪಿದ್ರೆ ಆಗ್ತಿತ್ತಲ್ಲ,” ಎಂದೆ.

“ಇವತ್ತು ಹೂಂ ಅಂದ್ರೆ ನಾಳೆ ತುಮಕೂರಲ್ಲಿ ಬಿಚ್ಚಿಸ್ತಾನೆ ರಿಪೋರ್ಟರ್ ಸಾಬ್. ಅಲ್ಲಿಗೆ ಆಯಮ್ಮಂಗೆ ಸಾಕ್ಷಿ ಹೇಳಕ್ಕೆ ನಾನು ಹೋಗಕ್ಕಾಗ್ತದಾ?”

ಮರುದಿನದಿಂದ ಜನ ಬಂದರು. ರಿಪೇರಿಗಲ್ಲ, ಹಿಂದೆ ರಿಪೇರಿ ಮಾಡಿಸಿದ ವಾಚುಗಳನ್ನು ಬಿಚ್ಚಿ ತೋರಿಸಿ ಎನ್ನಲು. ಸಾಬರು ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಒಂದೊಂದನ್ನೇ ಬಿಚ್ಚಿ, ಗೆರೆಯಿದ್ದರೆ ಏನು ಬದಲಿಸಿದ್ದೆಂದು ತಾವಾಗಿಯೇ ಹೇಳಿದರು. ಸ್ಪ್ರಿಂಗ್, ಚಕ್ರ, ಮುಳ್ಳು... ಮಿಷಿನ್ನೇ ಬದಲಿಸಿದ್ದು ಮತ್ತೂ ಕೆಲವಿದ್ದವು. ಒಬ್ಬ ಮೇಷ್ಟ್ರು ಅವರ ಮುಖಕ್ಕೆ ವಾಚ್ ಎಸೆದರು. ಹೊಸ ಕೆಲಸ ಒಂದೂ ಬರಲಿಲ್ಲ. ಸುಮಾರು ಒಂದು ತಿಂಗಳಿಗೆ ಅವರು ಬಾಗಿಲು ಹಾಕಿ ಪಾವಗಡದಲ್ಲಿದ್ದ ಮಗಳ ಮನೆಗೆ ಹೋದರು. ಅವರು ಬಸ್ ಹತ್ತುವಾಗ ನಾನು ಊರಿನಲ್ಲಿರಲಿಲ್ಲ. ಆಮೇಲೆ ನನಗೆ ವರ್ಗವಾಯಿತು. ಪಾವಗಡ ದೂರವೇನಲ್ಲ, ಆದರೂ...

ತುಮಕೂರಿನ ಆ ಅಂಗಡಿಯಿಂದ ಬಂದ ವಾರ ಪಾವಗಡಕ್ಕೆ ಹೋದೆ. ಸಾಬರು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮಗಳ ಕುಟುಂಬ ಊರು ಬಿಟ್ಟಿತ್ತು. ಎದುರು ಮನೆಯ ಮುದುಕಿಯೊಬ್ಬರು ಜಗುಲಿಯ ಮೇಲೆ ಕೂರಿಸಿ, ಅವರು ಅಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುತ್ತಿದ್ದರೆಂದು ಹೇಳಿದರು. ವಾಚು ಮುಟ್ಟುತ್ತಿರಲಿಲ್ಲವಂತೆ.

“ಮಣ್ಣಿನ ದಿನ ಮಧುಗಿರಿ ಕಡೆಯೋರು ಒಬ್ಬ ಗಂಡ ಹೆಂಡ್ತಿ ಬಂದಿದ್ರು ಸಾರೂ. ಸಾಬ್ರ ಪೈಕಿಯೋರಲ್ಲ, ನಮ್ಮಂಗೇ. ಆಯಪ್ಪ ಜನದ್ ಜೊತೆ ಹೋಗಿ ಮಣ್ಣಾಕಿ ಬಂದ. ಆಯಮ್ಮ ಇಲ್ಲೇ ಕುಂತಿದ್ಲು, ಮನೆ ಮಗ್ಳಂಗೆ ಮಣ್ಣಾಗೋ ತಂಕ ಒಂದ್ ಲೋಟ ನೀರೂ ಕುಡೀಲಿಲ್ಲ.”

ಅವರ ಹೆಸರು ಕೇಳಿದೆ. ಮುದುಕಿಗೆ ಗೊತ್ತಿರಲಿಲ್ಲ.